ತೆರೆಯ ಕೆಳಗಿನ ಎರಡು ಸಾಲು



ರಾತ್ರಿ ಊಟ ಮುಗಿಸಿ ಸಿನಿಮಾ ಹಾಕಿಕೊಂಡು ಕೂತರೆ ಹೆಚ್ಚುಕಡಿಮೆ ಎಲ್ಲರ ಮನೆಯಲ್ಲೂ ಒಂದೇ ಕಥೆ. ನಾಯಕ ಪಿಸುಗುಟ್ಟಿದರೆ ವಾಲ್ಯೂಮ್ ಏರಿಸಬೇಕು, ಮರುಕ್ಷಣ ಹೊಡೆದಾಟ ಶುರುವಾದರೆ ಪಕ್ಕದ ಫ್ಲ್ಯಾಟಿನವರು ಬಾಗಿಲು ತಟ್ಟುವ ಮೊದಲು ಇಳಿಸಬೇಕು. ಕೊನೆಗೆ ಯಾರೋ ಹೇಳುತ್ತಾರೆ, "ಸಬ್‌ಟೈಟಲ್ ಹಾಕಿಬಿಡಪ್ಪಾ." ಕಿವಿ ಚೆನ್ನಾಗಿರುವವರೂ ಈಗ ಓದಿಕೊಂಡೇ ನೋಡುತ್ತಿದ್ದೇವೆ. ಆ ಎರಡು ಸಾಲು ಟೀವಿಗೆ ಬಂದದ್ದು ಮಾತ್ರ ಕಿವಿ ಕೇಳದವರಿಗಾಗಿ, ಅವರು ಪಟ್ಟುಹಿಡಿದದ್ದರಿಂದ.

ಮೂಕಿ ಚಿತ್ರಗಳ ಕಾಲದಲ್ಲಿ ಅವರಿಗೆ ಈ ತೊಂದರೆ ಇರಲಿಲ್ಲ. ದೃಶ್ಯಗಳ ನಡುವೆ ಬರಹದ ಫಲಕ ಬರುತ್ತಿತ್ತು, ಎಲ್ಲರೂ ಅದನ್ನೇ ಓದುತ್ತಿದ್ದರು. 1927ರಲ್ಲಿ ಅಮೆರಿಕದಲ್ಲಿ 'ದಿ ಜಾಝ್ ಸಿಂಗರ್' ಬಂತು, 1931ರಲ್ಲಿ ನಮ್ಮಲ್ಲಿ 'ಆಲಂ ಆರಾ', 1934ರಲ್ಲಿ ಕನ್ನಡದ 'ಸತಿ ಸುಲೋಚನಾ'. (ನಮ್ಮ ಈ ಮೊದಲ ವಾಕ್ಚಿತ್ರ ತಯಾರಾದದ್ದು ಕೊಲ್ಹಾಪುರದಲ್ಲಿ. ಮುಂಬಯಿ, ಪುಣೆಯ ಕನ್ನಡಿಗರು ಸ್ವಲ್ಪ ಬೀಗಬಹುದು!) ಸಿನಿಮಾಕ್ಕೆ ಮಾತು ಬಂತು, ಫಲಕಗಳು ಹೋದವು, ಕಿವುಡ ಪ್ರೇಕ್ಷಕ ಹೊರಗುಳಿದ.

ಎಮರ್ಸನ್ ರೊಮೆರೊ ಎಂಬ ನಟನಿದ್ದ. ಕ್ಯೂಬಾದಲ್ಲಿ ಹುಟ್ಟಿದವನು, ಸ್ವತಃ ಕಿವುಡ, ಮೂಕಿ ಚಿತ್ರಗಳಲ್ಲಿ ಹಾಸ್ಯ ಪಾತ್ರ ಮಾಡುತ್ತಿದ್ದ. ಟಾಕಿ ಬಂದ ಮೇಲೆ ಅವನಿಗೆ ಕೆಲಸವೂ ಹೋಯಿತು, ನೋಡುವ ಸುಖವೂ ಹೋಯಿತು. 1947ರಲ್ಲಿ ಅವನು ಹಳೆಯ ಟಾಕಿಗಳ ರೀಲುಗಳನ್ನು ತಂದು, ನಡುನಡುವೆ ಕತ್ತರಿಸಿ, ಬರಹದ ಫಲಕ ಅಂಟಿಸಿ ಕಿವುಡರ ಕ್ಲಬ್ಬುಗಳಿಗೆ ಕಳಿಸತೊಡಗಿದ. ಚಿತ್ರ ಉದ್ದವಾಗುತ್ತಿತ್ತು, ಧ್ವನಿ ತುಂಡುತುಂಡಾಗುತ್ತಿತ್ತು. ಆದರೆ ಅವನ ಪ್ರೇಕ್ಷಕರಿಗೆ ಧ್ವನಿಯ ಚಿಂತೆ ಎಲ್ಲಿತ್ತು?

ಟೀವಿಯಲ್ಲಿ ಬಾಗಿಲು ತೆರೆದದ್ದು ಅಡುಗೆ ಕಾರ್ಯಕ್ರಮ. 1972ರಲ್ಲಿ ಬೋಸ್ಟನ್ನಿನ ಡಬ್ಲ್ಯುಜಿಬಿಎಚ್ ಕೇಂದ್ರ ಜೂಲಿಯಾ ಚೈಲ್ಡ್ ಅವರ 'ದಿ ಫ್ರೆಂಚ್ ಶೆಫ್' ಅನ್ನು ಬರಹದೊಂದಿಗೆ ದೇಶಕ್ಕೆಲ್ಲ ಪ್ರಸಾರ ಮಾಡಿತು. ಮರುವರ್ಷ ಎಬಿಸಿಯ ಸಂಜೆ ವಾರ್ತೆಗೆ ಅದೇ ಕೇಂದ್ರದವರು ಗಡಿಬಿಡಿಯಲ್ಲಿ ಬರಹ ಸೇರಿಸಿ, ಅದೇ ರಾತ್ರಿ ಸಾರ್ವಜನಿಕ ವಾಹಿನಿಯಲ್ಲಿ ಮರುಪ್ರಸಾರ ಶುರುಮಾಡಿದರು. ಆದರೆ ಎಲ್ಲರ ತೆರೆಯ ಮೇಲೂ ಅಕ್ಷರ ಮೂಡಿದರೆ ಬೇಡದವರಿಗೆ ಕಿರಿಕಿರಿ. ಅದಕ್ಕೆ ಎಂಜಿನಿಯರುಗಳು ಉಪಾಯ ಹುಡುಕಿದರು: ಟೀವಿ ಚಿತ್ರ ಗೆರೆಗಳಿಂದ ಆಗುತ್ತದಲ್ಲ, ಅದರಲ್ಲಿ ಕಣ್ಣಿಗೆ ಕಾಣದ 21ನೇ ಗೆರೆಯಲ್ಲಿ ಅಕ್ಷರಗಳನ್ನು ಬಚ್ಚಿಟ್ಟು ಕಳಿಸುವುದು. 1980ರ ಮಾರ್ಚ್ 16ರಿಂದ ಹಾಗೆ ಪ್ರಸಾರವಾಯಿತು. ಓದಬೇಕೆಂದರೆ ಸುಮಾರು 250 ಡಾಲರ್ ಕೊಟ್ಟು ಒಂದು ಡಬ್ಬಿ ಕೊಳ್ಳಬೇಕು. ಅಷ್ಟು ದುಡ್ಡು ಎಷ್ಟು ಜನರ ಬಳಿ ಇರುತ್ತದೆ? ಮಾರಾಟ ಕುಂಟಿತು. ಕೊನೆಗೆ 1990ರಲ್ಲಿ ಕಾನೂನು ಬಂತು: 1993ರ ಜುಲೈಯಿಂದ 13 ಇಂಚು ಮತ್ತು ಅದಕ್ಕಿಂತ ದೊಡ್ಡ ಪ್ರತಿ ಹೊಸ ಟೀವಿಯ ಒಳಗೇ ಆ ಸೌಲಭ್ಯ ಇರಬೇಕು. ನನ್ನ ಪ್ರಕಾರ ಈ ಕಥೆಯಲ್ಲಿ ದೊಡ್ಡ ತಿರುವು ಇದೇ. ಸಾಲು ಎಲ್ಲರ ಮನೆಗೂ ಬಂದು ಕೂತಿತು.

ಇನ್ನು, ಕಿವಿ ಸರಿಯಿದ್ದೂ ಮಾತು ಏಕೆ ಕೇಳಿಸುವುದಿಲ್ಲ? ಸಿನಿಮಾದ ಶಬ್ದವನ್ನು ಥಿಯೇಟರಿಗೆಂದು ಆರು ಪಾಲು ಮಾಡಿರುತ್ತಾರೆ, ಮಾತು ಬಹುಪಾಲು ನಡುವಿನ ಸ್ಪೀಕರಿನದು. ಮನೆಯ ಟೀವಿಯಲ್ಲಿ ಆರನ್ನೂ ಎರಡಕ್ಕೆ ಇಳಿಸಿದಾಗ ಮಾತು ಸದ್ದಿನ ಸಂತೆಯಲ್ಲಿ ಕಳೆದುಹೋಗುತ್ತದೆ. ಮೇಲಾಗಿ ಟೀವಿ ತೆಳ್ಳಗಾದ ಮೇಲೆ ಎಷ್ಟೋ ಸೆಟ್ಟುಗಳ ಪುಟ್ಟ ಸ್ಪೀಕರುಗಳು ನಮ್ಮ ಕಡೆ ಮುಖ ಮಾಡದೆ ನೆಲ ನೋಡುತ್ತವೆ. ಕನ್ನಡದ ಮಟ್ಟಿಗೆ ಇನ್ನೊಂದು ಕಷ್ಟವಿದೆ, ಮೈಕಿನ ಮುಂದೆ ಕೂರುವ ನಮ್ಮಂಥವರಿಗೆ ಅದು ಚೆನ್ನಾಗಿ ಗೊತ್ತು. ನಮ್ಮ ವಾಕ್ಯದ ಜೀವ ಇರುವುದು ಬಾಲದಲ್ಲಿ. 'ಬರ್ತೀನಿ'ಯೋ 'ಬರಲ್ಲ'ವೋ ತಿಳಿಯುವುದು ಕೊನೆಗೆ, ದನಿ ಇಳಿಯುವುದೂ ಅಲ್ಲೇ. ಅದೊಂದು ಅಕ್ಷರ ನುಂಗಿದರೆ ಅರ್ಥವೇ ತಿರುವುಮುರುವು!

ದೆಹಲಿ, ಮುಂಬಯಿಯ ಹಿರಿಯ ಕೇಳುಗರಿಗೆ ಎಂಬತ್ತರ ದಶಕದ ದೂರದರ್ಶನದ ಭಾನುವಾರದ ಮಧ್ಯಾಹ್ನಗಳು ನೆನಪಿರಬಹುದು. ಪ್ರಾದೇಶಿಕ ಚಿತ್ರ ಬರುತ್ತಿತ್ತು, ಸರದಿ ಬಂದಾಗ ಕನ್ನಡದ್ದೂ. ಕೆಳಗೆ ಇಂಗ್ಲಿಷ್ ಸಾಲು. ಪಕ್ಕದ ಮನೆಯವರೂ ಬಂದು ಕೂತು ನಮ್ಮ ಚಿತ್ರ ನೋಡಲು ಅದರಿಂದ ಸಾಧ್ಯವಾಯಿತು.

ಅದೇ ಭಾಷೆಯ ಮಾತಿಗೆ ಅದೇ ಭಾಷೆಯ ಬರಹ ಎಂಬ ಯೋಚನೆಯನ್ನು ನಮ್ಮಲ್ಲಿ ಮುಂದೊತ್ತಿದವರು ಅಹಮದಾಬಾದಿನ ಐಐಎಂನ ಬ್ರಿಜ್ ಕೊಠಾರಿ. 1999ರಲ್ಲಿ ದೂರದರ್ಶನದ ಗುಜರಾತಿ ಚಿತ್ರಗೀತೆಗಳಿಗೆ ಗುಜರಾತಿ ಸಾಲು, 2002ರಲ್ಲಿ 'ಚಿತ್ರಹಾರ್'ಗೆ ಹಿಂದಿ ಸಾಲು ಬಂತು. ಇಲ್ಲಿ ಉದ್ದೇಶ ಕಿವಿಯದ್ದಲ್ಲ, ಅಕ್ಷರದ್ದು: ಬಾಯಿಪಾಠವಾದ ಹಾಡನ್ನು ಕಣ್ಣೂ ಹಿಂಬಾಲಿಸಿದರೆ ಓದು ತಾನಾಗಿ ಗಟ್ಟಿಯಾಗುತ್ತದೆ. ಕಿವಿ ಕೇಳದವರ ಹಕ್ಕಿಗೆ ನಮ್ಮಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಬಂತು, ಟೀವಿಗೆ 2019ರಲ್ಲಿ, ಚಿತ್ರಮಂದಿರಗಳಿಗೆ 2024ರಲ್ಲಿ ಮಾನದಂಡಗಳು ಬಂದವು.

ಹೊರನಾಡಿನಲ್ಲಿರುವ ನಮಗೆ ಇದು ಇನ್ನೂ ಹತ್ತಿರದ ವಿಷಯ. ನಮ್ಮ ಎಷ್ಟೋ ಮಕ್ಕಳಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಅವರು ಕನ್ನಡ ಚಿತ್ರ ನೋಡುವಾಗ ಓದುವುದು ಸಾಮಾನ್ಯವಾಗಿ ಇಂಗ್ಲಿಷ್ ಸಾಲನ್ನು. ಪಾತ್ರ "ಏನಪ್ಪಾ, ಸಮಾಚಾರ?" ಎಂದರೆ ಕೆಳಗೆ ಬರೀ 'ಹಲೋ' ಇರುತ್ತದೆ! ಅಲ್ಲಿ ಕನ್ನಡ ಅಕ್ಷರವೇ ಇದ್ದಿದ್ದರೆ ಅಜ್ಜನ ಮಂದ ಕಿವಿಗೂ ಮೊಮ್ಮಗಳ ಓದಿಗೂ ಒಟ್ಟಿಗೇ ಆಗುತ್ತಿತ್ತು.

ಮುಂದಿನ ಸಲ ಮನೆಯಲ್ಲಿ ಕನ್ನಡ ಚಿತ್ರ ಹಾಕಿದಾಗ ಸಬ್‌ಟೈಟಲ್ ಪಟ್ಟಿ ತೆರೆದು 'ಕನ್ನಡ' ಇದೆಯೇ ನೋಡಿ. ಇದ್ದರೆ ಚಿತ್ರದ ಹೆಸರು ನಮಗೆ ಬರೆದು ತಿಳಿಸಿ, ಕಾರ್ಯಕ್ರಮದಲ್ಲಿ ಓದುತ್ತೇವೆ.