ಮಂತ್ರಿಗಳು ಬಂದಿದ್ದರಲ್ಲೇ!

ನಾನು ಬಿ.ಎಡ್. ಓದುತ್ತಿದ್ದ ವರ್ಷ ಅಮ್ಮ ತನ್ನ ಎರಡು ಬಳೆ ಮಾರಿ, ಬಂದ ಹಣವನ್ನು ಊರಿನ ಫೈನಾನ್ಸ್ ಕಂಪನಿಯೊಂದರಲ್ಲಿ ಇಟ್ಟಳು. ಒಂದೂವರೆ ವರ್ಷಕ್ಕೆ ಅದರ ಬಾಗಿಲಿಗೆ ಬೀಗ ಬಿತ್ತು. "ಯಾರನ್ನು ಕೇಳಿ ಇಟ್ಟೆ?" ಎಂದು ನಾನು ರೇಗಿದರೆ ಅವಳದು ಒಂದೇ ಮಾತು: "ಉದ್ಘಾಟನೆಗೆ ಮಂತ್ರಿಗಳೇ ಬಂದಿದ್ದರಲ್ಲೇ!" ಅಂದು ನಾನು ಎಲ್ಲರೆದುರು ನಕ್ಕುಬಿಟ್ಟೆ. ಅಮೆರಿಕದ ಚಾರ್ಲ್ಸ್ ಕೀಟಿಂಗ್‌ನ ಕಥೆ ಓದಿದ ಮೇಲೆ ಆ ನಗೆಗೆ ನಾಚಿಕೆಯಾಯಿತು.

ಕೀಟಿಂಗ್‌ನ ಕಂಪನಿ 1984ರಲ್ಲಿ ಕ್ಯಾಲಿಫೋರ್ನಿಯಾದ ಲಿಂಕನ್ ಸೇವಿಂಗ್ಸ್ ಎಂಬ ಉಳಿತಾಯ ಸಂಸ್ಥೆಯನ್ನು ಕೊಂಡಿತು. ಅಲ್ಲಿನ ಠೇವಣಿಗೆ ಸರ್ಕಾರದ ವಿಮೆಯಿತ್ತು. ಆದರೆ ಅದೇ ಶಾಖೆಗಳಲ್ಲಿ, ಠೇವಣಿ ಇಡಲು ಬಂದವರಿಗೆ ಹೆಚ್ಚು ಬಡ್ಡಿಯ ಆಸೆ ತೋರಿಸಿ ಕೀಟಿಂಗ್‌ನ ಮೂಲ ಕಂಪನಿಯ ಬಾಂಡುಗಳನ್ನು ಮಾರಲಾಯಿತು. ಇವಕ್ಕೆ ವಿಮೆಯಿರಲಿಲ್ಲ. ಕೊಂಡವರು ಸುಮಾರು 23,000 ಮಂದಿ, ಬಹುಪಾಲು ವಯಸ್ಸಾದವರು. ದುರ್ಬಲರು, ಸಾಧುಗಳು, ಏನೂ ತಿಳಿಯದವರು ಒಳ್ಳೆಯ ಗಿರಾಕಿಗಳೆಂದು ಮಾರುವವರಿಗೆ ಬರೆದುಕೊಟ್ಟ ಚೀಟಿಯೂ ಆಮೇಲೆ ಸಿಕ್ಕಿತು.

ತನಿಖೆ ಶುರುವಾಗದೆ ಇರಲಿಲ್ಲ. ಆದರೆ 1987ರ ಏಪ್ರಿಲ್‌ನಲ್ಲಿ ಐವರು ಸೆನೆಟರುಗಳು ತನಿಖಾಧಿಕಾರಿಗಳನ್ನು ಕರೆಸಿ ಕೀಟಿಂಗ್‌ನ ಪರವಾಗಿ ಮಾತಾಡಿದರು: ಕ್ರಾನ್‌ಸ್ಟನ್, ಡಿಕಾನ್ಸಿನಿ, ಮೆಕೇನ್, ರೀಗಲ್, ಮತ್ತೆ, ನಾವು ಮಕ್ಕಳಿಗೆ ಗಗನಯಾತ್ರಿಯೆಂದು ಪಾಠ ಹೇಳುವ ಜಾನ್ ಗ್ಲೆನ್! ಇವರ ಚುನಾವಣೆಗೂ ಇವರಿಗೆ ಬೇಕಾದ ಕಾರ್ಯಗಳಿಗೂ ಕೀಟಿಂಗ್ ಮತ್ತವನ ಬಳಗದಿಂದ ಸುಮಾರು 13 ಲಕ್ಷ ಡಾಲರ್ ಸಂದಿತ್ತು. ಆ ಹಣದಿಂದ ಪ್ರಭಾವ ಬೀರಿತೇ ಎಂಬ ಪ್ರಶ್ನೆಗೆ, ಬೀರಿದೆಯೆಂದೇ ಖಂಡಿತ ಆಶಿಸುತ್ತೇನೆ ಎಂದನಂತೆ ಆ ಮಹಾಶಯ. ಇತ್ತ ಮದರ್ ತೆರೇಸಾರ ಸಂಸ್ಥೆಗೂ 12.5 ಲಕ್ಷ ಡಾಲರ್ ದಾನ ಕೊಟ್ಟಿದ್ದ. 1992ರಲ್ಲಿ ಆ ತಾಯಿ ಅವನಿಗಾಗಿ ನ್ಯಾಯಾಧೀಶರಿಗೆ ಪತ್ರ ಬರೆದರು. ಅದು ಕದ್ದ ಹಣ, ಕಳೆದುಕೊಂಡವರಿಗೆ ಹಿಂದಿರುಗಿಸಿ ಎಂದು ಸರ್ಕಾರಿ ವಕೀಲರೊಬ್ಬರು ಮರುಪತ್ರ ಬರೆದರು.

ಸೆನೆಟರುಗಳ ಆ ಭೇಟಿಯ ನಂತರವೂ ಸುಮಾರು ಎರಡು ವರ್ಷ ಬಾಂಡು ಮಾರಾಟ ನಡೆದೇ ಇತ್ತು. 1989ರ ಏಪ್ರಿಲ್‌ನಲ್ಲಿ ಕಂಪನಿ ದಿವಾಳಿಯೆದ್ದಿತು. ಮುದುಕರ ಕೈಯಲ್ಲಿ ಬರೀ ಕಾಗದ ಉಳಿಯಿತು. ಕೋರ್ಟು ಅಲೆದ ಮೇಲೆ ಒಂದಷ್ಟು ಹಣ ವಾಪಸು ಬಂತು, ನಿಜ. ಕೀಟಿಂಗ್ ನಾಲ್ಕೂವರೆ ವರ್ಷ ಜೈಲಿನಲ್ಲಿದ್ದ. ಆ ಶಿಕ್ಷೆಗಳು ಮೇಲಿನ ಕೋರ್ಟಿನಲ್ಲಿ ರದ್ದಾದರೂ 1999ರಲ್ಲಿ ವಂಚನೆಯ ತಪ್ಪನ್ನು ಒಪ್ಪಿಕೊಂಡ. ಸೆನೆಟರುಗಳಲ್ಲಿ ಕ್ರಾನ್‌ಸ್ಟನ್‌ಗೆ 1991ರಲ್ಲಿ ಛೀಮಾರಿಯಾಯಿತು. ಉಳಿದವರು ಟೀಕೆಯಲ್ಲೇ ಪಾರಾದರು. ಮೆಕೇನ್ ಮುಂದೆ ಚುನಾವಣಾ ದೇಣಿಗೆಗೆ ಕಡಿವಾಣ ಹಾಕುವ ಕಾನೂನಿಗೆ ದುಡಿದರು. ಅದು 2002ರಲ್ಲಿ ಬಂತು.

ನೋಡಿ, ಅಷ್ಟು ಓದು ಬರಹವಿದ್ದ ದೇಶದ ಹಿರಿಯರೂ ನಮ್ಮಮ್ಮನಂತೆಯೇ ನಂಬಿದ್ದರು. ದೊಡ್ಡವರು ಬಂದು ನಿಂತರೆಂದರೆ ಯಾರೋ ಪರೀಕ್ಷೆ ಮಾಡಿಯೇ ಇರುತ್ತಾರೆಂದು ನಮಗೆ ಅನಿಸುತ್ತದೆ. ಅವರನ್ನು ಕರೆಸಿದ ಖರ್ಚು ನಮ್ಮ ಬಳೆಯಿಂದಲೇ ಹೋಗಿರಬಹುದೆಂದು ಹೊಳೆಯುವುದೇ ಇಲ್ಲ.

ಅಮ್ಮನ ಟ್ರಂಕಿನಲ್ಲಿ ಆ ರಸೀದಿ ಇನ್ನೂ ಇದೆ. ಅವಳಿಲ್ಲ. ಅಂದು ನಕ್ಕದ್ದಕ್ಕೆ ಕ್ಷಮಿಸು ಎಂದು ನಾನು ಒಮ್ಮೆಯೂ ಕೇಳಲಿಲ್ಲ.