ಮಂಡಕ್ಕಿ ಎನ್ನಲೋ, ಪುರಿ ಎನ್ನಲೋ?
ಹುಡುಕುಪದದ ಹಿಂದಿರುವ ಹಳೆಯ ಕಥೆ

ದಾವಣಗೆರೆಯ ಭಟ್ಟಿಯಲ್ಲಿ ಹುರಿದ ಮಂಡಕ್ಕಿ ಧಾರವಾಡದ ಕಡೆ ಹೋದರೆ ಚುರುಮುರಿ. ಬಳ್ಳಾರಿ ಸೀಮೆಯಲ್ಲಿ ಅದೇ ಮಂಡಾಳು. ಬೆಂಗಳೂರು, ಮೈಸೂರುಗಳಲ್ಲಿ ಪುರಿ ಅಥವಾ ಕಡ್ಲೆಪುರಿ. ಸರಕು ಒಂದೇ, ಹೆಸರು ನಾಲ್ಕು. ಗೊಂದಲ ಇಷ್ಟಕ್ಕೇ ಮುಗಿಯುವುದಿಲ್ಲ. ಬೆಂಗಳೂರಿನಲ್ಲಿ ಚುರುಮುರಿ ಕೇಳಿದರೆ ಈರುಳ್ಳಿ, ಕ್ಯಾರೆಟ್ ತುರಿ, ಖಾರ ಬೆರೆಸಿದ ಪೊಟ್ಟಣ ಕೈಗೆ ಬರುತ್ತದೆ. ಅಂಗಡಿಯವರು ಎದುರಿಗಿದ್ದರೆ ಚಿಂತೆಯಿಲ್ಲ, ಬೆರಳು ತೋರಿಸಿದರೆ ಸಾಕು. ಅಂತರಜಾಲದಲ್ಲಿ ಬೆರಳು ತೋರಿಸುವಂತಿಲ್ಲ. ಅಲ್ಲಿ ಗಿರಾಕಿಯ ಕೈಯಲ್ಲಿರುವುದು ಪದ ಮಾತ್ರ.

ಹೊಸದಾಗಿ ಜಾಲತಾಣ ತೆರೆಯುವ ಪ್ರತಿಯೊಬ್ಬರೂ ಈ ಪ್ರಶ್ನೆಯನ್ನು ಎದುರಿಸಬೇಕು: ಯಾವ ಪದ ಹಾಕಿ ಹುಡುಕಿದವರಿಗೆ ನಾವು ಸಿಗಬೇಕು? ಇಂಥ ಪದಗಳಿಗೆ ಕೀವರ್ಡ್ ಎಂಬ ಹೆಸರು ರೂಢಿಯಲ್ಲಿದೆ. ಹುಡುಕುಪದ ಎಂದೂ ಕರೆಯಬಹುದು. ಇದು ಕಂಪ್ಯೂಟರಿನೊಂದಿಗೆ ಹುಟ್ಟಿದ ಸಮಸ್ಯೆ ಎಂದು ಅನೇಕರು ತಿಳಿದಿದ್ದಾರೆ. ವಾಸ್ತವವಾಗಿ ಇದಕ್ಕೆ ಶತಮಾನಗಳ ಇತಿಹಾಸವಿದೆ. ಅದನ್ನು ಅರಿಯಲು ದಾವಣಗೆರೆ, ಹರಿಹರಗಳಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಒಂದು ಹೆಸರು, ಹಲವು ಹರಿಹರ

ತುಂಗಭದ್ರೆ ಮತ್ತು ಹರಿದ್ರಾ ನದಿಗಳು ಕೂಡುವ ಸ್ಥಳ ಹರಿಹರ. ಇಲ್ಲಿನ ಶಾಸನಗಳಲ್ಲಿ ಊರಿಗೆ ಕೂಡಲೂರು ಎಂಬ ಹೆಸರಿದೆ. ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಹರಿಹರೇಶ್ವರ ದೇವಾಲಯವನ್ನು ಕಟ್ಟಿಸಿದ. ಕಾಲಕ್ರಮದಲ್ಲಿ ದೇವರ ಹೆಸರೇ ಊರಿನ ಹೆಸರಾಗಿ ನಿಂತಿತು. ಹಾಗಾಗಿ ಈ ಊರಿನ ಹಳೆಯ ಚರಿತ್ರೆಯನ್ನು ಹುಡುಕುವವರು 'ಹರಿಹರ' ಎಂಬ ಒಂದೇ ಪದವನ್ನು ನೆಚ್ಚಿ ಕುಳಿತರೆ ಕೂಡಲೂರಿನ ಚರಿತ್ರೆ ಅವರ ಕೈ ತಪ್ಪುತ್ತದೆ.

ಇದಕ್ಕೆ ವಿರುದ್ಧವಾದ ತೊಂದರೆಯೂ ಉಂಟು. ಹರಿಹರ ಎಂದರೆ ದೇವರು, ರಗಳೆಗಳ ಕವಿ, ವಿಜಯನಗರವನ್ನು ಸ್ಥಾಪಿಸಿದ ಅರಸ. ಇಂಗ್ಲಿಷ್ ಅಕ್ಷರಗಳಲ್ಲಿ ಹುಡುಕಿದರಂತೂ ಮಹಾರಾಷ್ಟ್ರದ ನಾಸಿಕ್ ಜಿಲ್ಲೆಯಲ್ಲಿರುವ ಹರಿಹರ ಕೋಟೆ ಎದುರಾಗುತ್ತದೆ. ಬಂಡೆಯಲ್ಲಿ ಕೊರೆದ ಕಡಿದಾದ ಮೆಟ್ಟಿಲುಗಳಿಂದ ಅದು ಚಾರಣಿಗರಲ್ಲಿ ಹೆಸರುವಾಸಿ. ಒಂದು ವಸ್ತುವಿಗೆ ಹಲವು ಹೆಸರು, ಒಂದು ಹೆಸರಿಗೆ ಹಲವು ವಸ್ತು: ಹುಡುಕುಪದ ಆರಿಸುವವರ ಕಷ್ಟವೆಲ್ಲ ಈ ಎರಡರಲ್ಲೇ ಅಡಗಿದೆ.

ಇದಕ್ಕೆ ಪರಿಹಾರ ಹುಡುಕುವ ಯತ್ನವೂ ಹಳೆಯದೇ. ಸಂಸ್ಕೃತದ ಅಮರಕೋಶ ಒಂದೇ ಅರ್ಥದ ಪದಗಳನ್ನು ಒಟ್ಟಿಗೆ ಪೋಣಿಸಿಟ್ಟಿತು. ಒಂದು ಪದ ಗೊತ್ತಿದ್ದವನಿಗೆ ಉಳಿದವೂ ತಿಳಿಯುತ್ತಿದ್ದವು. ಹರಿಹರೇಶ್ವರನ ಗುಡಿ ಎದ್ದ ಒಂದು ದಶಕದ ಆಸುಪಾಸಿನಲ್ಲಿ, ಅತ್ತ ಪ್ಯಾರಿಸ್ಸಿನಲ್ಲಿ ಹ್ಯೂ ಎಂಬ ಕ್ರೈಸ್ತ ಸಂನ್ಯಾಸಿಯ ಮುಂದಾಳತ್ವದಲ್ಲಿ ಬೈಬಲಿನ ಪದಗಳನ್ನೆಲ್ಲ ಅಕಾರಾದಿಯಾಗಿ ಜೋಡಿಸಿ, ಯಾವ ಪದ ಎಲ್ಲೆಲ್ಲಿ ಬರುತ್ತದೆಂದು ಗುರುತಿಸುವ ಕೆಲಸ ನಡೆಯಿತು. ಇಂದಿನ ಸರ್ಚ್ ಎಂಜಿನ್ ತನ್ನೊಳಗೆ ಇಟ್ಟುಕೊಂಡಿರುವುದೂ ಮೂಲತಃ ಅಂಥದೇ ಪಟ್ಟಿ. ಯಾವ ಪದ, ಯಾವ ಪುಟದಲ್ಲಿ ಎಂಬುದೇ ಅದರ ಲೆಕ್ಕ.

ಗೆಜೆಟಿಯರಿನಿಂದ ಯಂತ್ರಕ್ಕೆ

ದಾವಣಗೆರೆಯ ಶಾಸನಗಳನ್ನು ನೋಡಬಯಸುವ ವಿದ್ಯಾರ್ಥಿ ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ 11ನೇ ಸಂಪುಟಕ್ಕೆ ಹೋಗಬೇಕು. ಆ ಸಂಪುಟದ ಹೆಸರಿನಲ್ಲಿ ದಾವಣಗೆರೆ ಇಲ್ಲ, ಚಿತ್ರದುರ್ಗವೂ ಇಲ್ಲ, ಇರುವುದು 'ಚಿತಲ್‌ಡ್ರೂಗ್'! ಬ್ರಿಟಿಷರ ಕಾಲದ ಬರವಣಿಗೆಯಲ್ಲಿ ಚಿತ್ರದುರ್ಗ ತಾಳಿದ ರೂಪ ಅದು. ದಾವಣಗೆರೆ 1997ರ ಆಗಸ್ಟ್ 15ರಂದು ಪ್ರತ್ಯೇಕ ಜಿಲ್ಲೆಯಾಗುವವರೆಗೆ ಅದೇ ಜಿಲ್ಲೆಯಲ್ಲಿತ್ತು.

ಹರಪನಹಳ್ಳಿಯ ಪಾಡು ಇನ್ನೂ ವಿಚಿತ್ರ. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಬಂದ ಈ ತಾಲ್ಲೂಕನ್ನು 2018ರಲ್ಲಿ ಮತ್ತೆ ಬಳ್ಳಾರಿಗೆ ಸೇರಿಸಲಾಯಿತು. 2021ರಲ್ಲಿ ಹೊಸ ವಿಜಯನಗರ ಜಿಲ್ಲೆಯ ಭಾಗವಾಯಿತು. ಊರು ಕದಲಲಿಲ್ಲ, ಅದನ್ನು ಹುಡುಕುವ ಪದ ಮಾತ್ರ ಕದಲುತ್ತಲೇ ಇತ್ತು.

ಇಂಥ ತೊಡಕುಗಳನ್ನು ಬಿಡಿಸುವುದನ್ನೇ ಶಾಸ್ತ್ರವಾಗಿ ಬೆಳೆಸಿದವರು ಗ್ರಂಥಪಾಲಕರು. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹರೆನಿಸಿದ ಎಸ್.ಆರ್. ರಂಗನಾಥನ್ 1962ರಲ್ಲಿ ಬೆಂಗಳೂರಿನಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಆರಂಭಿಸಿದರು. ಪುಸ್ತಕವನ್ನು ಲೇಖಕನ ಮನಸ್ಸಿನಲ್ಲಿದ್ದ ಹೆಸರಿನಿಂದಷ್ಟೇ ಅಲ್ಲ, ಓದುಗ ಬಂದು ಕೇಳಬಹುದಾದ ಹಲವು ದಾರಿಗಳಿಂದಲೂ ತಲುಪುವಂತಿರಬೇಕು ಎಂಬುದು ಅವರ ಕೆಲಸದ ತಿರುಳು. ಅದಕ್ಕೂ ತುಸು ಮುಂಚೆ, 1950ರ ದಶಕದ ಕೊನೆಯಲ್ಲಿ, ಅಮೆರಿಕದ ಐಬಿಎಂ ಕಂಪನಿಯ ಹಾನ್ಸ್ ಪೀಟರ್ ಲೂನ್ ಲೇಖನಗಳ ಶೀರ್ಷಿಕೆಗಳಿಂದ ಮುಖ್ಯ ಪದಗಳನ್ನು ಯಂತ್ರವೇ ಹೆಕ್ಕಿ ಪಟ್ಟಿ ಮಾಡುವ ವಿಧಾನ ರೂಪಿಸಿದ್ದರು. ಕೀವರ್ಡ್ ಎಂಬ ಮಾತು ಕಂಪ್ಯೂಟರ್ ಲೋಕದಲ್ಲಿ ಬೇರೂರಿದ್ದು ಆ ದಿನಗಳಲ್ಲಿ.

ಮೋಸದ ಕಾಲ

1990ರ ದಶಕದಲ್ಲಿ ಅಂತರಜಾಲ ಹರಡತೊಡಗಿತು. 1995ರ ಡಿಸೆಂಬರಿನಲ್ಲಿ ಆಲ್ಟಾವಿಸ್ಟಾ ಬಂತು. ಜಾಲತಾಣ ಮಾಡುವವರು ಓದುಗನ ಕಣ್ಣಿಗೆ ಬೀಳದ ಜಾಗದಲ್ಲಿ ತಮ್ಮ ಕೀವರ್ಡ್‌ಗಳ ಪಟ್ಟಿಯನ್ನು ಬರೆದಿಡುವ ಪದ್ಧತಿ ಆಗ ಬಳಕೆಗೆ ಬಂತು. ಯಂತ್ರ ಅದನ್ನು ಓದಿ ನಂಬಬೇಕು. ನಂಬಿಕೆ ಇದ್ದಲ್ಲಿ ಮೋಸಕ್ಕೂ ದಾರಿಯುಂಟು. ತಮ್ಮಲ್ಲಿಲ್ಲದ ಸರಕಿನ ಹೆಸರು, ಸಿನಿಮಾ ತಾರೆಯರ ಹೆಸರು, ಎದುರಾಳಿ ಅಂಗಡಿಯ ಹೆಸರು ಎಲ್ಲವನ್ನೂ ತುಂಬಿದವರಿದ್ದರು. ಬಿಳಿಯ ಹಿನ್ನೆಲೆಯ ಮೇಲೆ ಬಿಳಿಯ ಅಕ್ಷರದಲ್ಲಿ ಒಂದೇ ಪದವನ್ನು ನೂರು ಸಲ ಬರೆದವರೂ ಇದ್ದರು.

1998ರಲ್ಲಿ ಶುರುವಾದ ಗೂಗಲ್, ಒಂದು ಪುಟ ತನ್ನ ಬಗ್ಗೆ ತಾನು ಹೇಳಿಕೊಳ್ಳುವುದಕ್ಕಿಂತ ಉಳಿದ ಪುಟಗಳು ಅದರತ್ತ ಎಷ್ಟು ಕೈ ತೋರಿಸುತ್ತವೆ ಎಂಬುದಕ್ಕೆ ಹೆಚ್ಚು ಬೆಲೆ ಕೊಟ್ಟಿತು. ಸಂತೆಯಲ್ಲಿ ವ್ಯಾಪಾರಿಯ ಕೂಗಿಗಿಂತ ನೆರೆಯವರ ಮಾತನ್ನು ನಂಬುವ ರೀತಿ ಇದು. ಆ ಗುಪ್ತ ಪಟ್ಟಿಯನ್ನು ತಾನು ಶ್ರೇಯಾಂಕಕ್ಕೆ ಬಳಸುವುದೇ ಇಲ್ಲ ಎಂದು 2009ರ ಸೆಪ್ಟೆಂಬರಿನಲ್ಲಿ ಗೂಗಲ್ ಬಹಿರಂಗವಾಗಿ ತಿಳಿಸಿತು. ಇಂದಿಗೂ ಹೊಸ ಜಾಲತಾಣಕ್ಕೆ 'ಕೀವರ್ಡ್ ತುಂಬಿಸಿಕೊಡುತ್ತೇವೆ' ಎಂದು ಹಣ ಕೇಳುವವರಿದ್ದರೆ ಓದುಗರು ಈ ವರ್ಷವನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು. ಈಗ ಪದಕ್ಕೆ ಬೆಲೆ ಬರುವುದು ಅದು ಶೀರ್ಷಿಕೆಯಲ್ಲಿ, ಪುಟದ ಬರಹದಲ್ಲಿ ಸಹಜವಾಗಿ ಬಂದಾಗ.

ಕಾಣದೇ ಹೋದ ಕನ್ನಡ

ಈ ಹೊತ್ತಿಗೆ ಕನ್ನಡದ ಸ್ಥಿತಿ ಏನಿತ್ತು? 1990ರ ದಶಕದ ಕೊನೆಗೆ ಕನ್ನಡದ ಪುಟಗಳು ಅಂತರಜಾಲಕ್ಕೆ ಬಂದಿದ್ದವು. ಆದರೆ ಬಹುತೇಕ ಪುಟಗಳ ಬಳಿ ಇದ್ದದ್ದು ಕನ್ನಡದ ಆಕಾರ ಮಾತ್ರ. ಇಂಗ್ಲಿಷ್ ಅಕ್ಷರದ ಸಂಕೇತದ ಮೇಲೆ ಕನ್ನಡ ಅಕ್ಷರದ ಚಿತ್ರ ಕೂರಿಸಿದ ಫಾಂಟುಗಳು ಅವು. ಕಣ್ಣಿಗೆ 'ದಾವಣಗೆರೆ' ಎಂದು ಕಂಡದ್ದು ಯಂತ್ರಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಒಂದು ಪತ್ರಿಕೆಯ ಫಾಂಟ್ ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಹೀಗಾಗಿ ಕನ್ನಡದಲ್ಲಿ ಹುಡುಕುಪದ ಎಂಬುದೇ ಅಸಾಧ್ಯವಾಗಿತ್ತು.

ಎಲ್ಲ ಭಾಷೆಗಳಿಗೂ ಸಮಾನ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ಆದರೆ ಸಾಮಾನ್ಯರ ಕಂಪ್ಯೂಟರಿಗೆ ಅದು ಬಂದದ್ದು 2001ರ ವಿಂಡೋಸ್ ಎಕ್ಸ್‌ಪಿಯ ನಂತರ. ಕನ್ನಡ ವಿಕಿಪೀಡಿಯ 2003ರಲ್ಲಿ ಆರಂಭವಾಯಿತು. ಅದಕ್ಕೆ ಮುಂಚೆ ಬರೆದು ಬದಲಾಯಿಸದೆ ಬಿಟ್ಟ ಪುಟಗಳು, ಎಷ್ಟೇ ಒಳ್ಳೆಯವಾದರೂ, ಹುಡುಕುವವರ ಪಾಲಿಗೆ ಇಲ್ಲದಂತೆಯೇ.

ಕನ್ನಡದ ಸ್ವಭಾವವೂ ಒಂದು ಸವಾಲು. ದಾವಣಗೆರೆಯ, ದಾವಣಗೆರೆಗೆ, ದಾವಣಗೆರೆಯಲ್ಲಿ, ದಾವಣಗೆರೆಯಿಂದ ಎಂದು ವಿಭಕ್ತಿ ಪ್ರತ್ಯಯ ಪದಕ್ಕೇ ಅಂಟುತ್ತದೆ. ನಮಗೆ ಇವೆಲ್ಲ ಒಂದೇ ಊರು. ಕಲಿಸದ ಹೊರತು ಯಂತ್ರಕ್ಕೆ ನಾಲ್ಕು ಬೇರೆ ಪದಗಳು.

ಒಂದು 'ಎ' ಅಕ್ಷರದ ಲೆಕ್ಕ

ಇನ್ನು ಇಂಗ್ಲಿಷಿನಲ್ಲಿ ದಾವಣಗೆರೆಯನ್ನು ಬರೆಯುವ ಬಗೆ. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಇಂಗ್ಲಿಷ್ ಹೆಸರುಗಳು ಕನ್ನಡದ ಉಚ್ಚಾರಕ್ಕೆ ಹೊಂದುವಂತೆ ಬದಲಾದವು. ಆ ಪಟ್ಟಿಯಲ್ಲಿ ದಾವಣಗೆರೆ ಇರಲಿಲ್ಲ. ಜಿಲ್ಲಾಡಳಿತ 'ಣ'ದ ಮುಂದೆ 'ಎ' ಅಕ್ಷರ ಬರೆಯುತ್ತದೆ. 2009ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾನಿಲಯ ತನ್ನ ಇಂಗ್ಲಿಷ್ ಹೆಸರಿನಲ್ಲಿ ಅದನ್ನು ಬರೆಯುವುದಿಲ್ಲ. 1908ರ ಇಂಪೀರಿಯಲ್ ಗೆಜೆಟಿಯರಿನಲ್ಲೂ ಆ ಅಕ್ಷರವಿಲ್ಲ. ದೊಡ್ಡ ಸರ್ಚ್ ಎಂಜಿನ್‌ಗಳು ಈಗ ಎರಡನ್ನೂ ಒಂದೇ ಎಂದು ಹಿಡಿಯಬಲ್ಲವು. ಎಲ್ಲ ಸಣ್ಣ ಗ್ರಂಥಾಲಯಗಳ ಪಟ್ಟಿ, ಉದ್ಯೋಗದ ತಾಣಗಳಿಗೆ ಆ ಜಾಣತನ ಇರುತ್ತದೆಂದು ನಂಬುವಂತಿಲ್ಲ. ಹೊಸ ತಾಣದವರು ಒಂದು ರೂಪವನ್ನು ಮುಖ್ಯವಾಗಿಟ್ಟುಕೊಂಡು, ಇನ್ನೊಂದನ್ನೂ ಎಲ್ಲಾದರೂ ಒಮ್ಮೆ ಬರೆಯುವುದು ಲೇಸು.

ಊರಿನ ಹೆಸರು ಯಾವಾಗ ಬೇಕು ಎಂಬುದನ್ನೂ ಯೋಚಿಸಬೇಕು. ದಾವಣಗೆರೆಯಲ್ಲಿ ಇರುವವರು 'ಬೆಣ್ಣೆ ದೋಸೆ' ಎಂದಷ್ಟೇ ಹುಡುಕುತ್ತಾರೆ. 'ದಾವಣಗೆರೆ ಬೆಣ್ಣೆ ದೋಸೆ' ಎಂಬ ಫಲಕ ಹೆಚ್ಚು ಕಾಣುವುದು ಬೆಂಗಳೂರಿನಂಥ ಪರ ಊರುಗಳಲ್ಲಿ. ಊರಿನ ಹೆಸರಿಗೆ ಬೆಲೆ ಹೊರಗೆ. ಇದನ್ನು ಉದ್ಯಮಿಗಳು ಅಂತರಜಾಲಕ್ಕೆ ಮುಂಚೆಯೇ ಅರಿತಿದ್ದರು. ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಇರುವುದು ನದಿಯಾಚೆಯ ಕುಮಾರಪಟ್ಟಣದಲ್ಲಿ, ಈಗಿನ ಹಾವೇರಿ ಜಿಲ್ಲೆಯಲ್ಲಿ. ಹೆಸರು ಮಾತ್ರ ಜನ ಬಲ್ಲ ಊರಿನದು.

ಹಾಗಾದರೆ ಹರಿಹರದ ಮಂಡಕ್ಕಿ ವ್ಯಾಪಾರಿಯೊಬ್ಬರು ಜಾಲತಾಣ ತೆರೆಯುತ್ತಾರೆ ಎಂದಿಟ್ಟುಕೊಳ್ಳೋಣ. ಬರೀ 'ಪುರಿ' ಎಂದು ಬರೆದರೆ ಜಗನ್ನಾಥನ ಪುರಿಯ ಜತೆ ಪೈಪೋಟಿ. ಈ ಭಾಗದ ಹೆಮ್ಮೆಯ 'ನರ್ಗೀಸ್ ಮಂಡಕ್ಕಿ'ಯಲ್ಲಿ ಮೊದಲ ಪದವನ್ನಷ್ಟೇ ಹಿಡಿದರೆ ಹಿಂದಿ ಚಿತ್ರನಟಿ ಎದುರು ಬರುತ್ತಾರೆ. ಎರಡೂ ಪದ ಸೇರಿದಾಗ ಸ್ಪರ್ಧಿಗಳು ವಿರಳ. ಆದರೆ ಆ ಹೆಸರು ಬಲ್ಲವರೂ ಹೊರಗೆ ವಿರಳ. ಆದ್ದರಿಂದ ಮೊದಲು ಮಾಡಬೇಕಾದ ಕೆಲಸ ಗಿರಾಕಿಗಳ ಮಾತು ಕೇಳುವುದು. ಫೋನಿನಲ್ಲಿ ಅವರು ಏನೆಂದು ಕೇಳುತ್ತಾರೆ? ಧಾರವಾಡದವರು ಚುರುಮುರಿ ಎಂದರೆ ಆ ಪದವೂ ಪುಟದಲ್ಲಿರಲಿ. ಬೆಂಗಳೂರಿನವರಿಗಾಗಿ ಕಡ್ಲೆಪುರಿಯೂ ಇರಲಿ.

ಹಾಗೆಂದು ಮಂಡಕ್ಕಿಯನ್ನು ಕೈಬಿಡಬಾರದು. ವ್ಯಾಪಾರದ ಅವಸರದಲ್ಲಿ ಎಲ್ಲರೂ ಹೆಚ್ಚು ಜನ ಹುಡುಕುವ ಇಂಗ್ಲಿಷ್ ಪದವನ್ನೇ ಬರೆಯುತ್ತ ಹೋದರೆ, ಯಂತ್ರದ ಪಟ್ಟಿಯಲ್ಲಿ ಊರಿನ ಪದಕ್ಕೆ ಪುಟಗಳೇ ಉಳಿಯುವುದಿಲ್ಲ. ಮುಂದಿನ ತಲೆಮಾರಿನ ಹುಡುಗ ಅಜ್ಜಿಯ ಬಾಯಲ್ಲಿ ಕೇಳಿದ ಪದವನ್ನು ಹಾಕಿ ಹುಡುಕಿದಾಗ ಅವನಿಗೆ ಏನೂ ಸಿಗುವುದಿಲ್ಲ. ಕೂಡಲೂರು ಇಂದಿಗೂ ನಮಗೆ ಸಿಗುತ್ತಿರುವುದು ಯಾರೋ ಅದನ್ನು ಕಲ್ಲಿನ ಮೇಲೆ ಕೆತ್ತಿಟ್ಟಿದ್ದರಿಂದ. ಮಂಡಕ್ಕಿಯನ್ನು ಬರೆದಿಡಲು ಕಲ್ಲು ಬೇಕಿಲ್ಲ, ಪುಟದಲ್ಲಿ ಒಂದು ಸಾಲು ಸಾಕು.