ಮಳವಳ್ಳಿಯಿಂದ ಪಟ್ಟಣದವರೆಗೆ: ಒಂದು ಗಾಯದ ಚರಿತ್ರೆ

ಮದ್ದೂರು ಬಿಟ್ಟು ಹಳೆಯ ಹೆದ್ದಾರಿಯಲ್ಲಿ ಮಂಡ್ಯದತ್ತ ಹೊರಟರೆ ನಡುವೆ ಸಿಗುವ ಊರು ಹನಕೆರೆ. ಅದರ ದಕ್ಷಿಣಕ್ಕೆ ಮಳವಳ್ಳಿ, ಮಂಡ್ಯ ದಾಟಿ ಮುಂದೆ ಹೋದರೆ ಶ್ರೀರಂಗಪಟ್ಟಣ. ನಾಲ್ಕನೆಯ ಮೈಸೂರು ಯುದ್ಧದ ಕೊನೆಯ ಅಧ್ಯಾಯ ಈ ಸೀಮೆಯಲ್ಲೇ ನಡೆಯಿತು. 1799ರ ಮಾರ್ಚ್ 27ರಂದು ಮಳವಳ್ಳಿಯಲ್ಲಿ ಟಿಪ್ಪು ಸುಲ್ತಾನನ ಸೈನ್ಯ ಜನರಲ್ ಹ್ಯಾರಿಸನ ಪಡೆಗೆ ಎದುರಾಗಿ ಹಿಂದೆ ಸರಿಯಿತು. ಮೇ 4ರಂದು ಪಟ್ಟಣ ಬಿದ್ದಿತು. ಈ ಐದೂವರೆ ವಾರಗಳ ರಾಜಕೀಯವನ್ನು ನಾವು ಪಠ್ಯಪುಸ್ತಕಗಳಲ್ಲಿ ಓದಿದ್ದೇವೆ. ಗಾಯಗೊಂಡವರ ಮೈಯ ಕಡೆಗೆ ಮಾತ್ರ ಯಾರೂ ಅಷ್ಟಾಗಿ ನೋಡುವುದಿಲ್ಲ.

ಉರ್ದುವಿನಲ್ಲಿ ಬಂದೂಕಿನ ಗುಂಡಿಗೂ ಔಷಧದ ಮಾತ್ರೆಗೂ ಒಂದೇ ಹೆಸರು, ಗೋಲಿ. ಕನ್ನಡದ ಮಕ್ಕಳು ಆಡುವುದೂ ಗೋಲಿಯೇ. ಅಂದಿನ ಗುಂಡು ನಿಜಕ್ಕೂ ಗೋಲಿಯ ಹಾಗೇ ಇತ್ತು: ಸುಮಾರು 17 ಮಿಲಿಮೀಟರ್ ದಪ್ಪದ, 30 ಗ್ರಾಮಿನಷ್ಟು ತೂಕದ ಮೆತ್ತನೆಯ ಸೀಸದ ಉಂಡೆ. ಇಂದಿನ ರೈಫಲ್ ಗುಂಡಿನಂತೆ ಅದು ಮೈಯನ್ನು ಸೀಳಿಕೊಂಡು ಆಚೆ ಹಾರುತ್ತಿರಲಿಲ್ಲ. ದೂರ ಸಾಗಿದಷ್ಟೂ ವೇಗ ಕಳೆದುಕೊಳ್ಳುತ್ತಿತ್ತು, ಮೂಳೆಗೆ ತಾಗಿದರೆ ಚಪ್ಪಟೆಯಾಗಿ ಮೂಳೆಯನ್ನು ಚೂರು ಮಾಡುತ್ತಿತ್ತು, ಎಷ್ಟೋ ಸಲ ಒಳಗೇ ಉಳಿಯುತ್ತಿತ್ತು.

ಗುಂಡು ಒಳಹೊಕ್ಕ ತೂತು ಸಾಮಾನ್ಯವಾಗಿ ಚಿಕ್ಕದು. ಅದರ ಅಂಚು ಒಳಕ್ಕೆ ಮಡಚಿ, ಸುತ್ತ ತರಚಿದ ಉಂಗುರವಿರುತ್ತದೆ. ತೀರ ಹತ್ತಿರದಿಂದ ಹಾರಿಸಿದ್ದರೆ ಮಸಿ, ಚರ್ಮದಲ್ಲಿ ಚುಚ್ಚಿಕೊಂಡ ಮದ್ದಿನ ಕಣಗಳು ಕಾಣುತ್ತವೆ. ಹೊರಬಂದ ತೂತು ಬಹುಮಟ್ಟಿಗೆ ದೊಡ್ಡದು, ಹರಕು. ಆದರೆ ಕೊಲ್ಲುತ್ತಿದ್ದುದು ಗುಂಡೊಂದೇ ಅಲ್ಲ. ಅಂಗಿಯ ಚೂರು, ಮಣ್ಣು, ಬೆವರು ಎಲ್ಲವನ್ನೂ ಅದು ಒಳಕ್ಕೆ ಎಳೆದೊಯ್ಯುತ್ತಿತ್ತು. ಅಂದು ರಕ್ತ ಹರಿದು ಸಾಯದೆ ಉಳಿದವನು ಕೆಲವು ದಿನಗಳ ಮೇಲೆ ಕೀವು, ಕೊಳೆತ, ಧನುರ್ವಾಯುವಿನಿಂದ ಸಾಯುತ್ತಿದ್ದ.

ಇದಕ್ಕೆ ಚಿಕಿತ್ಸೆ ಏನಿತ್ತು? ನಮ್ಮಲ್ಲಿ ಗಾಯ ನೋಡುವವನನ್ನು ಜರ್ರಾಹ ಎನ್ನುತ್ತಿದ್ದರು. ಗಾಯ ಎಂಬ ಅರ್ಥದ ಅರಬ್ಬಿ ಮಾತಿನಿಂದ ಬಂದ ಹೆಸರು. ಸುಶ್ರುತನ ಪರಂಪರೆಯ ಶಲ್ಯತಂತ್ರವೂ ಹಾಗೆಯೇ, ಮೈಯೊಳಗೆ ನೆಟ್ಟ ಬಾಣದಂಥ ಪರವಸ್ತುವಿನಿಂದ ಹೆಸರು ಪಡೆದದ್ದು. ಕೊರ್ದೊಬಾದ ಅಲ್ ಜಹ್ರಾವಿ ಸಾವಿರ ವರ್ಷಗಳ ಹಿಂದೆಯೇ ಬಾಣ ಕೀಳುವ ಕ್ರಮವನ್ನೂ ಸಲಕರಣೆಗಳ ಚಿತ್ರಗಳನ್ನೂ ಬರೆದಿಟ್ಟಿದ್ದ. ಬಂದೂಕು ಬಂದಾಗ ಯುರೋಪಿನ ವೈದ್ಯರು ಮದ್ದಿನಿಂದ ಗಾಯಕ್ಕೆ ವಿಷ ಏರುತ್ತದೆಂದು ನಂಬಿ ಕುದಿಯುವ ಎಣ್ಣೆ ಸುರಿದರು. 1537ರಲ್ಲಿ ಫ್ರಾನ್ಸಿನ ಆಂಬ್ರೋಸ್ ಪಾರೆಯ ಬಳಿ ಎಣ್ಣೆ ಮುಗಿದುಹೋಯಿತು. ಮೊಟ್ಟೆಯ ಹಳದಿ, ಗುಲಾಬಿ ಎಣ್ಣೆ, ಟರ್ಪೆಂಟೈನ್ ಬೆರೆಸಿ ಹಚ್ಚಿದ. ಬೆಳಗ್ಗೆ ನೋಡಿದರೆ, ಸುಟ್ಟವರಿಗಿಂತ ಇವರೇ ನೆಮ್ಮದಿಯಾಗಿದ್ದರು. ಪಟ್ಟಣ ಬೀಳುವುದಕ್ಕೆ ಐದು ವರ್ಷ ಮೊದಲು, 1794ರಲ್ಲಿ ಪ್ರಕಟವಾದ ಜಾನ್ ಹಂಟರನ ಗ್ರಂಥವು ಪ್ರತಿ ಗುಂಡೇಟನ್ನೂ ಕುಯ್ದು ಅಗಲಿಸುವುದು ಬೇಡವೆಂದಿತು. ಆದರೂ ವೈದ್ಯನ ತೊಳೆಯದ ಬೆರಳು ಗಾಯದೊಳಗೆ ಗುಂಡು ಹುಡುಕುತ್ತಲೇ ಇತ್ತು. ಅರಿವಳಿಕೆ ಬಂದದ್ದು 1846ರಲ್ಲಿ, ಲಿಸ್ಟರನ ಕ್ರಿಮಿನಾಶಕ ವಿಧಾನ 1867ರಲ್ಲಿ.

ಹೀಗಿದ್ದ ಕಾಲದಲ್ಲಿ ಎರಡು ಗುಂಡುಗಳ ಕಥೆ ನೋಡಿ. 1799ರ ಏಪ್ರಿಲ್ 5ರ ರಾತ್ರಿ ಸುಲ್ತಾನಪೇಟೆಯ ತೋಪಿನ ಮೇಲೆ ನಡೆದ ವಿಫಲ ದಾಳಿಯಲ್ಲಿ ಕರ್ನಲ್ ಆರ್ಥರ್ ವೆಲ್ಲೆಸ್ಲಿಯ ಮೊಣಕಾಲಿಗೆ ಗುಂಡೊಂದು ತಾಗಿತು. ವೇಗ ಸತ್ತ ಗುಂಡು, ಏನೂ ಆಗಲಿಲ್ಲ. ಮೇ 4ರಂದು ಕೋಟೆಯ ಬಾಗಿಲಲ್ಲಿ ಟಿಪ್ಪುವಿಗೆ ಮೈಮೇಲೆ ಮೂರು ಗಾಯಗಳಾದವು, ನಾಲ್ಕನೆಯದು ತಲೆಗೆ. ಬಲಗಿವಿಗಿಂತ ತುಸು ಮೇಲೆ ಹೊಕ್ಕ ಗುಂಡು ಕೆನ್ನೆಯಲ್ಲಿ ನಿಂತಿತು. ಆ ರಾತ್ರಿ ದೀಪ ಹಿಡಿದು ಹೆಣಗಳ ರಾಶಿಯಲ್ಲಿ ಹುಡುಕಿದಾಗ, ತಾನೂ ಗಾಯಗೊಂಡು ಪಲ್ಲಕ್ಕಿಯ ಕೆಳಗೆ ಬಿದ್ದಿದ್ದ ಸೇವಕ ರಾಜಾಖಾನ್ ಸುಲ್ತಾನ ಬಿದ್ದ ಜಾಗ ತೋರಿಸಿದ. ಕಣ್ಣು ತೆರೆದೇ ಇತ್ತು, ಮೈ ಇನ್ನೂ ಬೆಚ್ಚಗಿತ್ತು. ಬದುಕಿರಬಹುದೇ ಎಂದು ಮೇಜರ್ ಅಲನ್ ಮತ್ತು ಅದೇ ವೆಲ್ಲೆಸ್ಲಿ ನಾಡಿ ಹಿಡಿದು, ಎದೆ ಮುಟ್ಟಿ ನೋಡಿದರು. ಸುಲ್ತಾನನ ಮೈ ಕಂಡ ಕೊನೆಯ ವೈದ್ಯಪರೀಕ್ಷೆ ಅದು, ಮಾಡಿದವರು ಶತ್ರುಗಳು.

ಟಿಪ್ಪುವನ್ನು ಹೊಗಳುವವರೂ ತೆಗಳುವವರೂ ಇಂದು ಆತನ ಹೆಸರಿನಲ್ಲಿ ಜಗಳಾಡುತ್ತಾರೆ. ಆ ನಾಲ್ಕು ಗಾಯಗಳು ಹೇಳುವ ಮಾತು ಸರಳ. ಅರಸ ಅರಮನೆಯಲ್ಲಿ ಅಡಗಿರಲಿಲ್ಲ. ಸಾಮಾನ್ಯ ಸಿಪಾಯಿಗಳ ನಡುವೆ, ಅವರ ಹಾಗೆಯೇ, ಮುಲಾಮಿನ ಕೈ ತಲುಪುವ ಮೊದಲೇ ಸತ್ತ. ಮರುದಿನ ಗುಂಬಜ್‌ನಲ್ಲಿ ತಂದೆಯ ಪಕ್ಕದಲ್ಲಿ ದಫನ್ ಆಯಿತು.

ಇಂದಿನ ವೈದ್ಯರು ಮೊದಲು ರಕ್ತ ನಿಲ್ಲಿಸುತ್ತಾರೆ, ಉಸಿರಿನ ದಾರಿ ಕಾಯುತ್ತಾರೆ, ರಕ್ತ ಕೊಡುತ್ತಾರೆ, ಎಕ್ಸ್‌ರೇ ನೋಡುತ್ತಾರೆ. ಸತ್ತ ಮಾಂಸ ತೆಗೆದು, ಗಾಯವನ್ನು ಕೂಡಲೇ ಹೊಲಿಯದೆ, ಶುದ್ಧವಾಗಿದ್ದರೆ ನಾಲ್ಕೈದು ದಿನದ ಮೇಲೆ ಮುಚ್ಚುತ್ತಾರೆ. ಧನುರ್ವಾಯುವಿಗೆ ಚುಚ್ಚುಮದ್ದು ಇದೆ. ಅಪಾಯವಿಲ್ಲದ ಕಡೆ ಕೂತ ಗುಂಡನ್ನು ಕೀಳದೆ ಬಿಡುವುದೂ ಉಂಟು. ತಳದಿಂದ ಕೆಂಪು ಮಾಂಸ ತುಂಬಿ, ಅಂಚುಗಳು ಹತ್ತಿರ ಬಂದು, ಕೊನೆಗೆ ಕಲೆ ಉಳಿಯುತ್ತದೆ.

ಗಾಯಾಳು ಎದುರಿಗೆ ಬಂದರೆ ಮೊದಲು ಚಿಕಿತ್ಸೆ, ಪೊಲೀಸ್ ಕಾಗದ ಆಮೇಲೆ ಎಂದು ನಮ್ಮ ಸುಪ್ರೀಂ ಕೋರ್ಟ್ 1989ರಲ್ಲಿ ಪರಮಾನಂದ ಕಟಾರಾ ಮೊಕದ್ದಮೆಯಲ್ಲಿ ಹೇಳಿತು. ಅವನು ನಿರಪರಾಧಿಯೋ ಅಪರಾಧಿಯೋ ಎಂದು ವೈದ್ಯ ನೋಡಬೇಕಾಗಿಲ್ಲ. ಯಾರ ಕಡೆಯವನು ಎಂಬ ಪ್ರಶ್ನೆಯೂ ಆಮೇಲಿನದೇ. ನಾಡಿ ಇದೆಯೇ ಎಂದು ನೋಡುವುದು ಮೊದಲು.